ಟಾನ್ಸಿಲ್ ಕಲ್ಲು ಹೀರಿ ತೆಗೆಯುವುದು: ಬಲ ಇಳಿಸಿದ ಮೇಲೆ ಕೆಲಸ ಮಾಡಿತು

ಸಕ್ಷನ್‌ನಲ್ಲಿ ಟಾನ್ಸಿಲ್ ಕಲ್ಲು (ಗಂಟಲ ಪಕ್ಕದ ಟಾನ್ಸಿಲ್‌ನ ಕುಳಿಗಳಲ್ಲಿ ಕೂಡಿಕೊಳ್ಳುವ ಬಿಳಿ, ನಾರುವ ಚೂರು) ಬರೋದಿಲ್ಲ, ದುಡ್ಡು ದಂಡ ಎಂದವರೇ ಹೆಚ್ಚು. ಆನ್‌ಲೈನ್‌ನಲ್ಲಿ ಸಿಗುವ ಯಂತ್ರವನ್ನು ಡಬ್ಬಿಯಿಂದ ತೆಗೆದು ಹಾಗೇ ಬಾಯಿಗಿಟ್ಟರೆ ಅವರ ಮಾತು ನಿಜ. ಅದೇ ಯಂತ್ರದ ತುದಿ ಬದಲಿಸಿ, ಹೀರುವ ಬಲವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ, ಬೆರಳಲ್ಲಿ ತೆರೆದು ಮುಚ್ಚುವ ಒಂದು ಕಿಂಡಿ ಸೇರಿಸಿದ ಮೇಲೆ, ಕಣ್ಣಿಗೆ ಕಾಣುವ ಕಲ್ಲುಗಳಲ್ಲಿ ಅಂದಾಜು ಹತ್ತಕ್ಕೆ ಏಳು ರಕ್ತ ಬಾರದೆ ಹೊರಬರುತ್ತಿವೆ. ಉಪ್ಪುನೀರು, ಇಯರ್ ಬಡ್ ಎಲ್ಲ ದಾಟಿ ಬಂದವರಿಗಾಗಿ ಬರೆಯುತ್ತಿದ್ದೇನೆ. ಕಲ್ಲು ಯಾಕೆ ಆಗುತ್ತದೆ ಎಂಬ ಪಾಠ ಇಲ್ಲಿಲ್ಲ.

ಮೊದಲು ದುಡ್ಡಿನ ಲೆಕ್ಕ. ಕಿವಿಯ ಗುಗ್ಗೆ ಹೀರುವ ಬ್ಯಾಟರಿ ಪೆನ್ನು ನಾನೂರು ರೂಪಾಯಿ ಆಸುಪಾಸು. ಅದರಲ್ಲಿ ಹೀರುವ ಬಲ ಅನ್ನೋದೇ ಇಲ್ಲ. ಮುಖದ ಬ್ಲ್ಯಾಕ್‌ಹೆಡ್ ಹೀರುವ ಯಂತ್ರ ಆರುನೂರರ ಹತ್ತಿರ. ಬಲ ಬೇಕಾದಷ್ಟಿದೆ, ಆದರೆ ಬಾಯಿ ಅಗಲ, ಕಲ್ಲಿಗಿಂತ ಮೊದಲು ಮಾಂಸವೇ ಅಂಟಿಕೊಳ್ಳುತ್ತದೆ. ಹಲ್ಲುಸಂದಿಗೆ ನೀರು ಚಿಮ್ಮಿಸುವ ವಾಟರ್ ಫ್ಲಾಸರ್ ಎರಡು ಸಾವಿರ. ಅತಿ ಕಡಿಮೆಗೆ ಇಟ್ಟರೂ ಟಾನ್ಸಿಲ್‌ಗೆ ಅದು ಜಾಸ್ತಿಯೇ, ಎದುರಿನಿಂದ ಹೊಡೆದರೆ ಕಲ್ಲು ಇನ್ನೂ ಒಳಗೆ ಹೋಗುತ್ತದೆ. ಕೊನೆಗೆ ಟಾನ್ಸಿಲ್‌ಗೆಂದೇ ಮಾರುವ ಕೈಯಳತೆಯ ಸಕ್ಷನ್ ಯಂತ್ರ, ಸಾವಿರದ ಐನೂರರ ಸುಮಾರು. ಇದರ ಮೋಟಾರ್ ಒಂದೇ ಉಪಯೋಗಕ್ಕೆ ಬಂದ ಭಾಗ. ಅದಕ್ಕೆ ಸೇರಿಸಿದ ಸಾಮಾನೆಲ್ಲ ಸೇರಿ ಇನ್ನೂರೈವತ್ತು ರೂಪಾಯಿ ದಾಟಲಿಲ್ಲ.

ಯಂತ್ರ ಹಾಗೇ ಬಳಸಿದರೆ ಸೋಲುವುದಕ್ಕೆ ಮೂರು ಕಾರಣ. ಟಾನ್ಸಿಲ್‌ನ ಮೈ ಸಮ ಇರುವುದಿಲ್ಲ. ಒಂದೊಂದರಲ್ಲೂ ಹತ್ತರಿಂದ ಇಪ್ಪತ್ತು ಕುಳಿ. ಗಟ್ಟಿ ಪ್ಲಾಸ್ಟಿಕ್ ತುದಿ ಅದರ ಮೇಲೆ ಎಲ್ಲೋ ಒಂದು ಕಡೆ ಬಾಯಿ ಬಿಟ್ಟೇ ಕೂರುತ್ತದೆ, ಗಾಳಿ ಮತ್ತು ಜೊಲ್ಲು ಮಾತ್ರ ಒಳಗೆ ಹೋಗುತ್ತವೆ. ಎರಡನೆಯದು, ಅಪ್ಪಿತಪ್ಪಿ ಸರಿಯಾಗಿ ಕೂತರೆ ಪಂಪು ತನ್ನ ಪೂರ್ತಿ ಬಲಕ್ಕೆ ಏರುತ್ತದೆ. ಆಗ ಕುಳಿಯ ಅಂಚಿನ ಮಾಂಸ ಕೊಳವೆಯೊಳಗೆ ಉಬ್ಬಿ, ಕುಳಿಯ ಬಾಯಿಯನ್ನೇ ಮುಚ್ಚಿಬಿಡುತ್ತದೆ. ಕಲ್ಲು ಹಿಂದೆ ಸಿಕ್ಕಿಕೊಳ್ಳುತ್ತದೆ. ಬಲ ಹೆಚ್ಚಿಸಿದಷ್ಟೂ ಬಾಗಿಲು ಬಿಗಿಯಾಗುತ್ತದೆ, ಕಡೆಗೆ ಉಳಿಯುವುದು ನೇರಳೆ ಕಲೆ. ಮೂರನೆಯದು, ಸ್ವಿಚ್ ಆರಿಸಿದರೂ ಹಿಡಿತ ಬಿಡುವುದಿಲ್ಲ, ಒಳಗಿನ ನಿರ್ವಾತ ಹಾಗೇ ಇರುತ್ತದೆ. ಕಿತ್ತು ತೆಗೆದರೆ ರಕ್ತ.

ಎರಡನೆಯದಕ್ಕೂ ಮೂರನೆಯದಕ್ಕೂ ಮದ್ದು ಸರ್ಜಿಕಲ್ ಅಂಗಡಿಯಲ್ಲಿದೆ: ಥಂಬ್ ಕಂಟ್ರೋಲ್ ಇರುವ ಸಕ್ಷನ್ ಕ್ಯಾಥೆಟರ್ (ಹೀರುವ ತೆಳು ಕೊಳವೆ), 12 ನಂಬರ್, ಒಂದಕ್ಕೆ ನಲವತ್ತು ರೂಪಾಯಿ ಇರಬಹುದು. ಐಸಿಯುನಲ್ಲಿ ಕಫ ಹೀರಲು ಬಳಸುತ್ತಾರಲ್ಲ, ಅದೇ. ಬುಡದಲ್ಲಿ ಒಂದು ತೆರೆದ ಕಿಂಡಿ ಇರುತ್ತದೆ. ಹೆಬ್ಬೆರಳಲ್ಲಿ ಮುಚ್ಚಿದರೆ ತುದಿಯಲ್ಲಿ ಹೀರುತ್ತದೆ, ಬೆರಳೆತ್ತಿದ ಕ್ಷಣ ಬಿಡುತ್ತದೆ. ಹೊರವ್ಯಾಸ 4 ಮಿ.ಮೀ. ಇದರ ತುದಿಯ ಪಕ್ಕದಲ್ಲಿ ಸಣ್ಣ ಕಣ್ಣುಗಳಿರುತ್ತವೆ, ಅಲ್ಲಿಂದ ಗಾಳಿ ಸೋರುತ್ತದೆ. ಹಾಗಾಗಿ ಆ ಭಾಗ ಕತ್ತರಿಸಿ ಬಿಸಾಡಬೇಕು. ಬುಡದಿಂದ 15 ಸೆಂ.ಮೀ. ಇಟ್ಟುಕೊಂಡರೆ ಸಾಕು, ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿಂದ ಕಿಂಡಿ ಆಡಿಸಬಹುದು.

ಕತ್ತರಿಸಿದ ಅಂಚು ಚೂಪು. ಅದನ್ನು ಬರಿದಾಗಿ ಗಂಟಲಿಗೆ ಹಾಕಲೇಬಾರದು. ಒಳವ್ಯಾಸ 3, ಹೊರವ್ಯಾಸ 5 ಮಿ.ಮೀ. ಇರುವ ಫುಡ್ ಗ್ರೇಡ್ ಸಿಲಿಕಾನ್ ಪೈಪಿನ ಎರಡು ಸೆಂ.ಮೀ. ತುಂಡನ್ನು ಅದರ ಮೇಲೆ ಏರಿಸಬೇಕು, ಒಂದೂವರೆ ಸೆಂ.ಮೀ. ಕ್ಯಾಥೆಟರ್ ಮೇಲೆ, ಉಳಿದ ಅರ್ಧ ಸೆಂ.ಮೀ. ಮುಂದಕ್ಕೆ. 3ರ ಪೈಪನ್ನು 4ರ ಮೇಲೆ ಏರಿಸಲು ಬಿಸಿನೀರಲ್ಲಿ ಅದ್ದಿ ಎಳೆಯಬೇಕಾಗುತ್ತದೆ. ಆ ಬಿಗಿ ಬೇಕೇ ಬೇಕು. 4ರ ಒಳವ್ಯಾಸದ ಅಕ್ವೇರಿಯಂ ಪೈಪು ಸುಲಭವಾಗಿ ಕೂರುತ್ತದೆ, ಅಷ್ಟೇ ಸುಲಭವಾಗಿ ಕಳಚಿ ಶ್ವಾಸನಾಳಕ್ಕೂ ಹೋಗಬಹುದು. ಪ್ರತಿ ಸಲ ಬಾಯಿಗೆ ಹಾಕುವ ಮುಂಚೆ ಒಣಗಿದ ಬೆರಳಲ್ಲಿ ಜೋರಾಗಿ ಎಳೆದು ನೋಡಿ, ಸ್ವಲ್ಪ ಜಾರಿದರೂ ಎಸೆಯಿರಿ. ಮೊದಲ ಕಾರಣಕ್ಕೆ ಮದ್ದು ಈ ಮೆತ್ತನೆಯ ಸಿಲಿಕಾನ್ ತುದಿಯೇ, ಆದರೆ ಅದನ್ನು ನೇರವಾಗಿ ಕತ್ತರಿಸಬಾರದು, ಒಂದು ಕೋನ ಬೇಕು. ಎಷ್ಟು ಓರೆ ಅನ್ನುವುದನ್ನು ನಾನು ಹೇಳುವುದಿಲ್ಲ. ಅದು ಅವರವರ ಟಾನ್ಸಿಲ್ ಇರುವ ಭಂಗಿಯ ಮೇಲೆ ನಿಂತಿದೆ, ಎರಡು ಮೂರು ತುಂಡು ಕತ್ತರಿಸಿ ನೋಡಿದರೆ ಸಿಗುತ್ತದೆ.

ಕ್ಯಾಥೆಟರ್ ಮೆತ್ತಗೆ ಬಳುಕುತ್ತದೆ. ಹಳೆಯ ಬಾಲ್ ಪೆನ್ನಿನ ಖಾಲಿ ಕೊಳವೆಯೊಳಗೆ ತೂರಿಸಿ, ಮುಂದೆ ಐದು ಸೆಂ.ಮೀ. ಹೊರಗಿಟ್ಟರೆ ಹಿಡಿತ ಸಿಗುತ್ತದೆ. ಯಂತ್ರಕ್ಕೂ ಕ್ಯಾಥೆಟರ್‌ಗೂ ನಡುವೆ 30 ಮಿ.ಲೀ.ನ ಒಂದು ಸಣ್ಣ ಬಾಟಲಿ. ರಬ್ಬರ್ ಮುಚ್ಚಳದಲ್ಲಿ ಎರಡು ಪೈಪು, ಬಾಯಿ ಕಡೆಯದು ಉದ್ದ, ಮೋಟಾರ್ ಕಡೆಯದು ಗಿಡ್ಡ. ಇದಿಲ್ಲದಿದ್ದರೆ ಜೊಲ್ಲು ಮೋಟಾರಿಗೆ ಹೋಗಿ ಕೆಲವೇ ದಿನದಲ್ಲಿ ನಾರುತ್ತದೆ, ಆಮೇಲೆ ಕೆಡುತ್ತದೆ. ಬಾಟಲಿ ಇದ್ದರೆ ಬಂದ ಕಲ್ಲೂ ಕಣ್ಣಿಗೆ ಕಾಣುತ್ತದೆ.

ಇನ್ನು ಬಲ. ಡಬ್ಬಿಯ ಮೇಲೆ ಬರೆದ ಅಂಕಿ ನಂಬಬೇಡಿ, ನೀರಿನಲ್ಲಿ ಅಳೆಯಿರಿ. ಮಹಡಿ ಮೆಟ್ಟಿಲಿನಿಂದ ಪಾರದರ್ಶಕ ಪೈಪನ್ನು ಕೆಳಗಿನ ಬಕೆಟ್‌ಗೆ ಇಳಿಬಿಟ್ಟು, ಮೇಲ್ತುದಿಯನ್ನು ಬಾಟಲಿಯ ಮೂಲಕ ಯಂತ್ರಕ್ಕೆ ಕೊಟ್ಟರೆ ನೀರು ಏರುತ್ತದೆ. 136 ಸೆಂ.ಮೀ. ಏರಿದರೆ ಅದು 100 ಮಿ.ಮೀ. ಪಾದರಸದ ಬಲ. ಕಿವಿಯ ಪೆನ್ನು ಒಂದಡಿ ಏರಿಸಲೂ ಒದ್ದಾಡಿತು. ಟಾನ್ಸಿಲ್ ಯಂತ್ರ ಮೂರು ಮೀಟರ್ ಪೈಪನ್ನು ಪೂರ್ತಿ ತುಂಬಿತು, ಅಂದರೆ 220ಕ್ಕೂ ಮೇಲೆ. ಆಸ್ಪತ್ರೆಯಲ್ಲಿ ದೊಡ್ಡವರ ಕಫ ಹೀರುವಾಗ ಸಾಮಾನ್ಯವಾಗಿ ಇಡುವುದೇ 80ರಿಂದ 150. ಗಂಟಲಿನ ಮೆತ್ತನೆಯ ಮಾಂಸಕ್ಕೆ ಅದಕ್ಕಿಂತ ಹೆಚ್ಚು ಯಾಕೆ? ಬಾಟಲಿಗೂ ಮೋಟಾರಿಗೂ ನಡುವಿನ ಪೈಪಿನಲ್ಲಿ ಕಾಯಿಸಿದ ಸೂಜಿಯಿಂದ ಒಂದು ತೂತು ಮಾಡಿ, ಮೇಲೆ ಟೇಪ್ ಸುತ್ತಿ, ಟೇಪನ್ನು ಸರಿಸುತ್ತಾ ನೀರು ಒಂದೂವರೆ ಮೀಟರ್ ಹತ್ತಿರ ನಿಲ್ಲುವಂತೆ ಮಾಡಿದೆ. 110ರ ಆಸುಪಾಸು. ಈ ತೂತೇ ಇಡೀ ಕೆಲಸದ ಜೀವಾಳ. ಇಷ್ಟು ಬಲ ಕೊಡುವ ಮೋಟಾರ್ ಯಾವುದಾದರೂ ನಡೆಯುತ್ತದೆ.

ಮೋಟಾರೇ ಇಲ್ಲದೆ ಸಿರಿಂಜ್‌ನಲ್ಲೂ ಪ್ರಯತ್ನಿಸಿದೆ. ಪಿಸ್ಟನ್ ಪೂರ್ತಿ ಒತ್ತಿ, ತುದಿ ಇಟ್ಟು ಎಳೆದರೆ 600 ಮಿ.ಮೀ. ಹತ್ತಿರದ ಬಲ ಹುಟ್ಟಬಲ್ಲದು, ಅಪಾಯ. 10 ಮಿ.ಲೀ. ಗಾಳಿ ಮೊದಲೇ ಬಿಟ್ಟುಕೊಂಡು 12ರವರೆಗೆ ಮಾತ್ರ ಎಳೆದರೆ ಒಳಗಿನ ಗಾಳಿಯ ಒತ್ತಡ ಆರನೇ ಒಂದು ಭಾಗ ಇಳಿಯುತ್ತದೆ. ಮಂಗಳೂರಿನಲ್ಲಿ ಅದು 125ರ ಸುಮಾರು, ಬೆಂಗಳೂರಿನ ಎತ್ತರದಲ್ಲಿ 115ರ ಹತ್ತಿರ. ಲೆಕ್ಕ ಚೆನ್ನಾಗಿದೆ, ಆದರೆ ಎರಡೂ ಕೈ ಅದಕ್ಕೇ ಬೇಕು. ಅಲ್ಲದೆ ಅಷ್ಟು ಕಡಿಮೆ ಗಾಳಿಯಲ್ಲಿ ಒಂದು ಹನಿ ಸೋರಿದರೂ ಬಲ ಮುಗಿಯಿತು. ಮೇಲೆಯೇ ಕೂತ ಮೆತ್ತನೆಯ ಕಲ್ಲಿಗೆ ಮಾತ್ರ ಸರಿ.

ತೆಗೆಯುವ ದಿನ ಬೆಳಿಗ್ಗೆ ಖಾಲಿ ಹೊಟ್ಟೆ. ಬೆಳಕು ತಲೆಗೆ ಕಟ್ಟುವ ಟಾರ್ಚಿನಿಂದ ಬೇಡ, ಕನ್ನಡಿಯಲ್ಲಿ ಕಣ್ಣಿಗೇ ಹೊಡೆಯುತ್ತದೆ. ಕನ್ನಡಿಯ ಅಂಚಿಗೆ, ಗಲ್ಲದ ಮಟ್ಟಕ್ಕಿಂತ ತುಸು ಕೆಳಗೆ, ಮೇಲ್ಮುಖವಾಗಿ ದೀಪ ಸಿಕ್ಕಿಸಿದರೆ ಟಾನ್ಸಿಲ್‌ನ ಮೇಲ್ಭಾಗದ ಕುಳಿಯೂ ಕಾಣುತ್ತದೆ. ಮೊದಲು ಸಡಿಲಿಸಬೇಕು, ಇದನ್ನು ಬಿಟ್ಟವರಿಗೇ ಕಲ್ಲು ಬರುವುದಿಲ್ಲ. ಕಾಯಿಸಿ ಆರಿಸಿದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ತುದಿ ಬಾಗಿದ 12 ಮಿ.ಲೀ. ಪ್ಲಾಸ್ಟಿಕ್ ಸಿರಿಂಜ್‌ನಲ್ಲಿ ತುಂಬಿ, ಕುಳಿಯ ಪಕ್ಕದಿಂದ, ಮುಟ್ಟಿಸದೆ, ಒಂದು ಸಲಕ್ಕೆ ಮೂರು ನಾಲ್ಕು ಮಿ.ಲೀ. ಮೆಲ್ಲಗೆ ಬಿಡಿ. ಗುರಿ ನೋಡಿಕೊಂಡು, ಬೇಸಿನ್ ಮೇಲೆ ಮುಂದಕ್ಕೆ ಬಗ್ಗಿಯೇ ಬಿಡಬೇಕು. ತಲೆ ಹಿಂದಕ್ಕೆ ವಾಲಿಸಿದರೆ ನೀರು, ಕಲ್ಲು ಎರಡೂ ನೆತ್ತಿಗೇರುತ್ತವೆ. ಎಷ್ಟೋ ಸಲ ಕಲ್ಲು ಇಷ್ಟಕ್ಕೇ ಬಿದ್ದುಹೋಗುತ್ತದೆ.

ಆಮೇಲೆ ಜೊಲ್ಲು ಉಗಿದು, ಕಿಂಡಿ ತೆರೆದೇ ಇಟ್ಟು, ಕೆನ್ನೆಯ ಕಡೆಯಿಂದ ತುದಿಯನ್ನು ಒಯ್ಯಿರಿ. ನಾಲಿಗೆಯ ಬುಡ, ಕಿರುನಾಲಿಗೆ ಮುಟ್ಟಿದರೆ ಓಕರಿಕೆ ತಪ್ಪದು. ಉಸಿರು ಮೂಗಿನಲ್ಲಿ. ತುದಿ ಕಲ್ಲಿನ ಮೇಲೆ ಕೂತ ಮೇಲೆ ಹೆಬ್ಬೆರಳು ಮುಚ್ಚಿ, ಒಂದೆರಡು ಕ್ಷಣ, ಬಿಡಿ. ಮತ್ತೆ ಮುಚ್ಚಿ, ಬಿಡಿ. ಹೀಗೆ ಮಿಡಿದರೆ ಕುಳಿಯ ಬಾಯಿ ತೆರೆದು ಮುಚ್ಚುತ್ತಾ ಕಲ್ಲು ಮುಂದೆ ಸರಿಯುತ್ತದೆ. ಹಿಡಿದೇ ಇದ್ದರೆ ಮೊದಲು ಹೇಳಿದಂತೆ ಮಾಂಸವೇ ಬಾಗಿಲಾಗುತ್ತದೆ. ಒಂದು ಕುಳಿಗೆ ಐದಾರು ಮಿಡಿತ ಸಾಕು, ಬಾರದಿದ್ದರೆ ಮರುದಿನ. 3 ಮಿ.ಮೀ.ಗಿಂತ ದೊಡ್ಡ ಕಲ್ಲು ಕೊಳವೆಯೊಳಗೆ ಹೋಗುವುದಿಲ್ಲ. ತುದಿಗೆ ಕಚ್ಚಿಕೊಂಡಾಗ ಬೆರಳು ಎತ್ತದೆ ಹಾಗೇ ಹೊರಗೆ ತರಬೇಕು. ತುದಿಯನ್ನು ಕುಳಿಯೊಳಗೆ ತೂರಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಟಾನ್ಸಿಲ್‌ನ ಹಿಂದೆ ಎರಡು ಎರಡೂವರೆ ಸೆಂ.ಮೀ. ದೂರದಲ್ಲೇ ಇದೆ. ಪಿನ್ನು, ಟೂತ್‌ಪಿಕ್, ಗುಗ್ಗೆಕಡ್ಡಿ ಹಿಡಿಯುವವರು ಇದನ್ನು ನೆನಪಿಡಲಿ.

ಟಾನ್ಸಿಲ್‌ನ ಮುಂದಿರುವ ಮಾಂಸದ ಮಡಿಕೆಯ ಹಿಂದೆ ಅಡಗಿದ ಕಲ್ಲಿಗೆ ನಾಲಿಗೆಯನ್ನು ತಿರುಗಿಸುವ ಒಂದು ಉಪಾಯ ನನ್ನ ಬಳಿ ಇದೆ. ಬರೆದು ತಿಳಿಸಲು ಆಗುವಂಥದ್ದಲ್ಲ, ಬಿಡುತ್ತೇನೆ. ಓಕರಿಕೆ ತಡೆಯಲು ಮರಗಟ್ಟಿಸುವ ಸ್ಪ್ರೇ ಹೊಡೆಯಬೇಡಿ. ಗಾಯವಾದದ್ದೂ ಗೊತ್ತಾಗುವುದಿಲ್ಲ, ನುಂಗುವುದೂ ಹತೋಟಿ ತಪ್ಪುತ್ತದೆ.

ಜೊತೆಗೆ ಮಾಡಿ ನೋಡಿದ ಬೇರೆ ಪ್ರಯೋಗಗಳು: ತೆಗೆದ ಕಲ್ಲನ್ನು ವಿನೆಗರ್‌ನಲ್ಲಿ ಹಾಕಿದರೆ ಗಟ್ಟಿ ಚುಕ್ಕೆಯಿಂದ ಸಣ್ಣ ಗುಳ್ಳೆ ಏಳುತ್ತದೆ, ಮೆತ್ತನೆಯ ಭಾಗ ಹಾಗೇ ಉಳಿಯುತ್ತದೆ. ಬಾಯಲ್ಲಿ ಮುಕ್ಕಳಿಸಿದರೆ ಕಲ್ಲಿಗಿಂತ ಹಲ್ಲಿನ ಎನಾಮಲ್ ಮೊದಲು ಸವೆಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನಮ್ಮಲ್ಲಿ ಸಿಗುವುದು 6 ಶೇಕಡಾದ್ದು, ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿ ಮುಕ್ಕಳಿಸಿ ಉಗಿದರೆ ವಾಸನೆ ಎರಡು ದಿನ ತಗ್ಗುತ್ತದೆ, ಕಲ್ಲು ಕದಲುವುದಿಲ್ಲ. ಕೊಬ್ಬರಿ ಎಣ್ಣೆ ಮುಕ್ಕಳಿಸಿದ್ದರಿಂದ ಕುಳಿಗೆ ಏನೂ ಆಗಲಿಲ್ಲ. ಮಂಡಕ್ಕಿ, ಅವಲಕ್ಕಿ ತಿಂದ ಮರುದಿನ ಕಾಣುವ ಬಿಳಿ ಚೂರು ಬಹಳ ಸಲ ಕಲ್ಲೇ ಅಲ್ಲ, ಬರೀ ಮುಕ್ಕಳಿಸಿದರೆ ಹೋಗುತ್ತದೆ.

ಜ್ವರ, ನುಂಗಲು ನೋವು ಇದ್ದು ಬಿಳಿ ಕಾಣಿಸಿದರೆ ಅದು ಕೀವು ಇರಬಹುದು, ಯಂತ್ರ ಮುಟ್ಟಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಮಕ್ಕಳಿಗೆ ಈ ವಿಧಾನ ಬೇಡ. ಒಂದೇ ಕಡೆಯ ಟಾನ್ಸಿಲ್ ದೊಡ್ಡದಾಗಿದ್ದರೆ, ಹುಣ್ಣು ಎರಡು ಮೂರು ವಾರಕ್ಕೂ ಮಾಯದಿದ್ದರೆ, ಸೆಂ.ಮೀ. ಅಳತೆಯ ಗಟ್ಟಿ ಕಲ್ಲಾದರೆ ಇಎನ್‌ಟಿ ವೈದ್ಯರ ಬಳಿ ಹೋಗಬೇಕು. ತೆಗೆದ ಮೇಲೆ ಉಗುಳಿನಲ್ಲಿ ಒಂದು ಗೆರೆ ರಕ್ತ ಕಂಡರೆ ತಣ್ಣೀರು ಮುಕ್ಕಳಿಸಿದರೆ ನಿಲ್ಲುತ್ತದೆ. ಹತ್ತು ನಿಮಿಷವಾದರೂ ಸುರಿಯುತ್ತಿದ್ದರೆ ಆಸ್ಪತ್ರೆ. ಕೆಂಪು ಚುಕ್ಕೆ ಬಿದ್ದರೆ ಒಂದು ವಾರ ಬಿಡುವು ಕೊಟ್ಟು, ಟೇಪ್ ಇನ್ನಷ್ಟು ಸರಿಸಿ ಬಲ ಇಳಿಸಿ.

ಮುಗಿದ ಕೂಡಲೇ ಒಂದು ಲೋಟ ಸೋಪು ನೀರು, ಒಂದು ಲೋಟ ಬಿಸಿನೀರು ಕೊಳವೆಯಲ್ಲೇ ಹೀರಿಸಿ ಬಾಟಲಿ ಚೆಲ್ಲುತ್ತಾ ಇರಿ, ತುಂಬಲು ಬಿಟ್ಟರೆ ನೀರು ಮೋಟಾರಿಗೆ ಹೋಗುತ್ತದೆ. ಸಿಲಿಕಾನ್ ತುದಿಯನ್ನು ಹತ್ತು ನಿಮಿಷ ಕುದಿಸಬಹುದು. ಕ್ಯಾಥೆಟರ್ ಕುದಿಸಿದರೆ ಸೊಟ್ಟಗಾಗುತ್ತದೆ, ನಲವತ್ತು ರೂಪಾಯಿಯ ಸಾಮಾನು, ಪ್ರತಿ ಸಲ ಹೊಸದು ಹಾಕಿ.