ಆಶ್ರಮದ ಲೆಕ್ಕ ನೀವೂ ನೋಡಬಹುದು: ಆಡಿಟ್ ವರದಿ ತರಿಸಿ ಓದುವುದು ಹೇಗೆ?

ನಮ್ಮ ದೊಡ್ಡಮ್ಮ ಇರುವ ವೃದ್ಧಾಶ್ರಮ ಬದ್ಲಾಪುರದ ಕಡೆ. ಡೊಂಬಿವಲಿಯಿಂದ ಲೋಕಲ್, ಆಮೇಲೆ ರಿಕ್ಷಾ. ಬಾಗಿಲಲ್ಲೇ ಸರ್ಕಾರಿ ಅನುದಾನ ಇದೆ ಎಂದು ಮರಾಠಿಯಲ್ಲಿ ದೊಡ್ಡ ಬೋರ್ಡ್. ಹೋದ ಚಳಿಗಾಲ ಅಲ್ಲಿನ ಗೀಸರ್ ಎರಡು ತಿಂಗಳು ಕೆಟ್ಟು ಕೂತಿತ್ತು. "ರಿಪೇರಿಗೆ ದುಡ್ಡಿಲ್ಲವಂತೆ ಮಾರಾಯ. ನೀನೇನೂ ಕೇಳ್ಬೇಡ, ಆಮೇಲೆ ನನ್ನ ಮೇಲೆ ಸಿಟ್ಟು ಮಾಡ್ತಾರೆ" ಎಂದರು ದೊಡ್ಡಮ್ಮ. ನಾನು ಅಲ್ಲಿ ಯಾರನ್ನೂ ಕೇಳಲಿಲ್ಲ. ಲೆಕ್ಕ ತರಿಸಿ ಓದಿದೆ.

ಇದಕ್ಕೆ ದಾರಿ ಇಟ್ಟಿರುವುದು ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ, 1950. ಹಳಬರು ಇದನ್ನು ಈಗಲೂ ಬಾಂಬೆ ಪಬ್ಲಿಕ್ ಟ್ರಸ್ಟ್ ಆ್ಯಕ್ಟ್ ಎನ್ನುತ್ತಾರೆ. ಇಂಥ ಆಶ್ರಮ ನಡೆಸುವ ನೋಂದಾಯಿತ ಟ್ರಸ್ಟ್ ಲೆಕ್ಕ ಇಡಲೇಬೇಕು ಎನ್ನುವುದು 32ನೇ ಕಲಂ. ಸಾಮಾನ್ಯವಾಗಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ ಆಡಿಟ್ ಮಾಡಿಸಬೇಕು ಎನ್ನುವುದು 33. ಅದಕ್ಕೆ ಆರು ತಿಂಗಳ ಗಡುವು ಇದೆ, ಅಂದರೆ ಸೆಪ್ಟೆಂಬರ್ ಕೊನೆ. ಹಾಗಾಗಿ ದಸರಾ ಕಳೆದ ಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಜೂನ್‌ನಲ್ಲಿ ಕೇಳಿದರೆ ಹಿಂದಿನ ವರ್ಷದ್ದೇ ಸಿಗುತ್ತದೆ.

ಮೊದಲು ಟ್ರಸ್ಟಿನ ನೋಂದಣಿ ನಂಬರ್ ಬೇಕು. ದೇಣಿಗೆ ರಶೀದಿಯ ತಲೆಯಲ್ಲಿ ಅದು ಇರುತ್ತದೆ. ನೂರು ರೂಪಾಯಿ ಕೊಟ್ಟು ಒಂದು ರಶೀದಿ ಹರಿಸಿಕೊಂಡರೆ ಕೆಲಸ ಆಯಿತು. ನಂಬರ್ 'ಇ'ಯಿಂದ ಶುರುವಾದರೆ ಧರ್ಮಾರ್ಥ ಟ್ರಸ್ಟ್, 'ಎಫ್' ಇದ್ದರೆ ಸೊಸೈಟಿಯಾಗಿ ನೋಂದಣಿಯಾದದ್ದು. ಜೊತೆಗಿರುವ ಊರ ಹೆಸರನ್ನೂ ನೋಡಿಕೊಳ್ಳಿ. ನಾನು ನೋಡದೆ, ಅರ್ಧ ದಿನ ರಜೆ ಹಾಕಿ ಸೀದಾ ವರ್ಲಿಯ ಆನಿ ಬೆಸೆಂಟ್ ರಸ್ತೆಯ ಧರ್ಮಾದಾಯ ಆಯುಕ್ತ ಭವನಕ್ಕೆ ಹೋದೆ. ಟ್ರಸ್ಟುಗಳ ನೋಂದಣಿ, ಲೆಕ್ಕ ನೋಡಿಕೊಳ್ಳುವ ಸರ್ಕಾರಿ ಕಚೇರಿ ಅದು. ಕೌಂಟರಿನವರು ರಶೀದಿ ನೋಡಿ, ನಂಬರಿನ ಮುಂದಿದ್ದ 'ಠಾಣೆ' ಎಂಬ ಪದಕ್ಕೆ ಬೆರಳಿಟ್ಟು ತೋರಿಸಿದರು. ನಾನು ಹೋಗಬೇಕಾದದ್ದು ಅದೇ ಆಯುಕ್ತರ ಠಾಣೆ ಕಚೇರಿಗೆ. ತಪ್ಪು ನನ್ನದೇ.

ಇನ್ನು ಆ ಕಚೇರಿಗೆ ಹಾಕುವ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೆ ಸಾಕು. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳ ಒಳಗೆ. ಗೀಸರಿನ ಕಥೆ ಅಲ್ಲಿ ಬೇಡ. 'ಈ ನಂಬರಿನ ಟ್ರಸ್ಟಿನ ಕಳೆದ ಮೂರು ವರ್ಷಗಳ ಆಡಿಟ್ ವರದಿ, 8 ಮತ್ತು 9ನೇ ಅನುಸೂಚಿ ಸಹಿತ' ಎಂದು ಬರೆದರೆ ಮುಗಿಯಿತು. 8 ಎಂದರೆ ಆಸ್ತಿ-ಹೊಣೆಗಳ ಪುಟ, 9 ಏನೆಂದು ಮುಂದೆ ಹೇಳುತ್ತೇನೆ. ಅರ್ಜಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು, ಇಲ್ಲಿ ಕನ್ನಡ ನಡೆಯುವುದಿಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ 20 ರೂಪಾಯಿ ಕಟ್ಟಿ ಮೊದಲ ಅಪೀಲು.

ಕಾಗದ ಕೈಗೆ ಬಂದ ಮೇಲೆ ಜಾಸ್ತಿ ಜನ ಮೊದಲ ಪುಟದ ಸಹಿ, ಸೀಲು ನೋಡಿ ಎತ್ತಿಟ್ಟುಬಿಡುತ್ತಾರೆ. ನಿಜವಾದ ಸರಕು ಹಿಂದಿನ ಪುಟಗಳಲ್ಲಿದೆ. ಆಡಿಟರ್ ಉತ್ತರಿಸಲೇಬೇಕಾದ ಸುಮಾರು 20 ಪ್ರಶ್ನೆಗಳನ್ನು ಟ್ರಸ್ಟ್ ಕಾಯ್ದೆಯಡಿಯ 19ನೇ ನಿಯಮ ಕೊಟ್ಟಿದೆ. ಆಡಿಟ್ ದಿನ ಕೈಶಿಲ್ಕು ಪುಸ್ತಕದ ಲೆಕ್ಕಕ್ಕೆ ಸರಿಹೊಂದಿತ್ತೇ? ಟ್ರಸ್ಟಿನ ಹಣ ಬೇರೆ ಉದ್ದೇಶಕ್ಕೆ ಹೋಗಿದೆಯೇ? ಟ್ರಸ್ಟಿಗಳಲ್ಲಿ ಯಾರಾದರೂ ಟ್ರಸ್ಟಿಗೆ ಸಾಲಗಾರರೇ? ಹೋದ ವರ್ಷ ತೋರಿಸಿದ ತಪ್ಪು ಸರಿಯಾಯಿತೇ? ಇದರಲ್ಲಿ ನನಗೆ ಬಲು ಇಷ್ಟವಾದದ್ದು ಟೆಂಡರಿನ ಪ್ರಶ್ನೆ. ರಿಪೇರಿಗೋ ಕಟ್ಟಡ ಕೆಲಸಕ್ಕೋ 5,000 ರೂಪಾಯಿಗಿಂತ ಜಾಸ್ತಿ ಖರ್ಚಾಗಿದ್ದರೆ ಟೆಂಡರ್ ಕರೆದಿದ್ದರೇ ಎಂದು ಅದು ಕೇಳುತ್ತದೆ. ಇವತ್ತಿನ ಮುಂಬೈಯಲ್ಲಿ 5,000ಕ್ಕೆ ಒಂದು ಬಚ್ಚಲುಮನೆಯ ಟೈಲ್ಸ್ ಕೂಡ ಆಗುವುದಿಲ್ಲ. ಹಾಗಾಗಿ ಆ ಪ್ರಶ್ನೆಯ ಮುಂದೆ 'ಅನ್ವಯಿಸುವುದಿಲ್ಲ' ಎಂದು ಕಂಡರೆ ಸುಮ್ನೆ ಮುಂದೆ ಹೋಗಬೇಡಿ. 9ನೇ ಅನುಸೂಚಿ ತೆಗೆಯಿರಿ.

ಅದು ಜಮಾ-ಖರ್ಚಿನ ಪುಟ. ನಮ್ಮ ಆಶ್ರಮದ್ದರಲ್ಲಿ ರಿಪೇರಿಯ ಸಾಲಿನಲ್ಲಿ 1,86,000 ರೂಪಾಯಿ ಇತ್ತು. ಟೆಂಡರಿಗೆ 'ಅನ್ವಯಿಸುವುದಿಲ್ಲ', ಗೀಸರಿಗೆ ದುಡ್ಡಿಲ್ಲ. ಎರಡು ಹಾಳೆ ಅಕ್ಕಪಕ್ಕ ಇಟ್ಟಾಗಲೇ ಇದು ಕಣ್ಣಿಗೆ ಬಿದ್ದದ್ದು.

ಅದೇ ಪುಟದಲ್ಲಿ ಇನ್ನೆರಡು ಸಾಲು ನೋಡಿ. ಖರ್ಚಿನ ಕಡೆ ಕಚೇರಿ ನಡೆಸುವ ವೆಚ್ಚ ಬೇರೆ, ಟ್ರಸ್ಟಿನ ಉದ್ದೇಶಕ್ಕಾಗಿ ಮಾಡಿದ ವೆಚ್ಚ ಬೇರೆ. ಊಟ, ಔಷಧಿ ಎರಡನೆಯದರಲ್ಲಿ ಬರಬೇಕು. ಮೊದಲನೆಯದು ವರ್ಷವರ್ಷಕ್ಕೆ ಉಬ್ಬುತ್ತಾ ಎರಡನೆಯದು ಸೊರಗಿದರೆ ಕೇಳಬೇಕಾದ ಮಾತಿದೆ. ಜಮಾ ಕಡೆ ದೇಣಿಗೆಗೆ ಒಂದು ಸಾಲು, ಅನುದಾನಕ್ಕೆ ಒಂದು ಸಾಲು. ಅನುದಾನ ಕೊಟ್ಟ ಇಲಾಖೆಗೆ ಇನ್ನೊಂದು ಅರ್ಜಿ ಹಾಕಿ ಮಂಜೂರಾತಿ ಆದೇಶವನ್ನೂ ಹಣ ಬಳಕೆ ಪ್ರಮಾಣಪತ್ರವನ್ನೂ ತರಿಸಿ, ತಾಳೆ ನೋಡಿ. ಅಂಕಿ ಬೇರೆ ಬಂದ ಕೂಡಲೇ ಕಳ್ಳತನ ಎನ್ನಬೇಡಿ. ಮಾರ್ಚ್‌ನಲ್ಲಿ ಮಂಜೂರಾದ ಹಣ ಏಪ್ರಿಲ್‌ನಲ್ಲಿ ಕೈಸೇರಿದರೆ ಅದು ಮುಂದಿನ ವರ್ಷದ ಪುಟಕ್ಕೆ ಹೋಗಿರುತ್ತದೆ.

ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರು, ಅಂದರೆ ಸಿಎಜಿ, ಇದನ್ನೆಲ್ಲ ನೋಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಅವರ ಅಧಿಕಾರ ಹೇಳುವ 1971ರ ಕಾಯ್ದೆಯ 14ನೇ ಕಲಂನಂತೆ ವರ್ಷಕ್ಕೆ 25 ಲಕ್ಷಕ್ಕೆ ಕಡಿಮೆಯಿಲ್ಲದ ಅನುದಾನ ಬಂದು, ಅದು ಸಂಸ್ಥೆಯ ಒಟ್ಟು ಖರ್ಚಿನ ಮುಕ್ಕಾಲು ಪಾಲಾದರೂ ಆಗಿದ್ದರೆ ಸಿಎಜಿ ಆಡಿಟ್ ಇದೆ. ಸಣ್ಣ ಆಶ್ರಮಗಳು ಆ ಅಳತೆಗೆ ಎಲ್ಲಿ ಬರಬೇಕು?

ಅನುಮಾನ ಬಂದರೆ ಮೊದಲು ಟ್ರಸ್ಟಿಗೇ ಪತ್ರ ಬರೆಯಿರಿ, ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನನಗೆ ಮೂರು ವಾರಕ್ಕೆ ಉತ್ತರ ಬಂತು. ದುಡ್ಡು ಹೋದದ್ದು ಗೇಟಿನ ಕಮಾನಿಗೆ ಮತ್ತು ಕಾಂಪೌಂಡಿನ ಬಣ್ಣಕ್ಕೆ. ಅದೇ ವಾರ ಹೊಸ ಗೀಸರ್ ಬಂತು. ಟೆಂಡರಿನ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ.

ಆಮೇಲಿನ ದಾರಿ ಟ್ರಸ್ಟ್ ಕಾಯ್ದೆಯ 41ಬಿ ಕಲಂ, ಧರ್ಮಾದಾಯ ಆಯುಕ್ತರ ಕಚೇರಿಗೆ ಲಿಖಿತ ದೂರು. ಟ್ರಸ್ಟಿಗಳ ತಪ್ಪಿನಿಂದ ನಷ್ಟವಾದದ್ದು ಸಾಬೀತಾದರೆ ಅವರಿಂದಲೇ ತುಂಬಿಸಿಕೊಳ್ಳಲು 41ನೇ ಕಲಂ ಇದೆ. ಆದರೆ ದೂರು ಕೊಡುವವರು ಟ್ರಸ್ಟಿಗೆ ಸಂಬಂಧಪಟ್ಟವರಾಗಿರಬೇಕು. ಆಶ್ರಮದಲ್ಲಿರುವವರೇ ಫಲಾನುಭವಿಗಳು, ಆದ್ದರಿಂದ ನನ್ನ ಸಹಿಗಿಂತ ದೊಡ್ಡಮ್ಮನ ಸಹಿಗೆ ತೂಕ ಜಾಸ್ತಿ.

ಅವರು ಒಪ್ಪುವುದಿಲ್ಲ ಎಂದುಕೊಂಡೇ ಹಾಳೆಗಳನ್ನು ಮಂಚದ ಮೇಲೆ ಹರವಿದೆ. ಕನ್ನಡಕ ಹಾಕಿಕೊಂಡು, ಲೆಕ್ಕಕ್ಕೆ ಲಗತ್ತಿಸಿದ್ದ ಅಡುಗೆಮನೆ ಖರ್ಚಿನ ಪಟ್ಟಿಯ ಮೇಲೆ ಬೆರಳಾಡಿಸಿದರು. ಹಾಲಿನ ಸಾಲಿನಲ್ಲಿ ನಿಂತರು. "ಇಷ್ಟು ಹಾಲಾ? ನಮ್ಮ ಚಹಾ ನೀನು ಕುಡಿದಿದ್ದೀಯಲ್ಲ?" ಆಡಿಟರ್ ಹಾಲಿನ ಬಿಲ್ಲು ನೋಡಿರುತ್ತಾರೆ, ಚಹಾ ಕುಡಿದಿರುವುದಿಲ್ಲ. ಪೆನ್ನು ಅವರೇ ಕೇಳಿದರು.

"ಸಹಿ ಕನ್ನಡದಲ್ಲಿ ಮಾಡಬಹುದಾ?"

ಮಾಡಬಹುದು.