ಪೇಟೆಯೋ ಹಳ್ಳಿಯೋ: ಇದ್ದು ನೋಡಿ ತೀರ್ಮಾನಿಸಿದ್ದು

ಪೇಟೆ ಬಿಟ್ಟು ಹಳ್ಳಿಗೆ ಹೋಗಿಬಿಡೋಣ ಅಂತ ಒಮ್ಮೆಯಾದರೂ ಅನ್ನಿಸದವರು ಕಡಿಮೆ. ನನಗೂ ಅನ್ನಿಸಿತ್ತು, ವರ್ಷಗಟ್ಟಲೆ ಅನ್ನಿಸಿತ್ತು. ಆದರೆ ಅನ್ನಿಸಿದ ಮಾತ್ರಕ್ಕೆ ಮನೆ ಮಾರಿ ಹೊರಡುವ ಪೈಕಿ ನಾನಲ್ಲ. ಪೇಟೆಯ ಮನೆಯನ್ನು ಹಾಗೇ ಇಟ್ಟುಕೊಂಡು ಹಳ್ಳಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದೆ. ನನಗೆ ನಾನೇ ಹಾಕಿಕೊಂಡ ಷರತ್ತು ಒಂದೇ: ಮಳೆ, ಚಳಿ, ಬಿಸಿಲು ಎಲ್ಲಾ ಒಂದು ಸುತ್ತು ಮುಗಿಯುವವರೆಗೆ ಇದು ಚೆಂದ, ಅದು ಕೆಟ್ಟದ್ದು ಅಂತ ಯಾರ ಹತ್ತಿರವೂ ಹೇಳಬಾರದು.

ಈ ಷರತ್ತು ಯಾಕೆ ಅಂದರೆ, ಹಳ್ಳಿಯನ್ನು ನಾವು ಸಾಮಾನ್ಯವಾಗಿ ನೋಡುವುದು ರಜೆಯಲ್ಲಿ. ಹವೆ ಚೆನ್ನಾಗಿರುವ ತಿಂಗಳಲ್ಲಿ ಹೋಗಿ, ಬೇರೆಯವರು ಮಾಡಿ ಬಡಿಸಿದ್ದನ್ನು ಉಂಡು, ಬೇರೆಯವರು ತುಂಬಿಸಿಟ್ಟ ನೀರಿನಲ್ಲಿ ಸ್ನಾನ ಮಾಡಿ ವಾಪಸ್ ಬರುತ್ತೇವೆ. ಪೇಟೆಯನ್ನು ನೋಡುವುದು ಮಾತ್ರ ಸೋಮವಾರ ಬೆಳಿಗ್ಗೆ, ಟ್ರಾಫಿಕ್‌ನಲ್ಲಿ ಕೂತು. ಒಂದರ ಭಾನುವಾರವನ್ನು ಇನ್ನೊಂದರ ಸೋಮವಾರದ ಜೊತೆ ಹೋಲಿಸಿದರೆ ಯಾರು ಗೆಲ್ಲುತ್ತಾರೆ ಅಂತ ಕೇಳಬೇಕಾ? ಹಳ್ಳಿಯ ಸೋಮವಾರವನ್ನೂ ನೋಡಬೇಕಿತ್ತು.

ಹೊರಡುವ ಮೊದಲು ಇನ್ನೊಂದು ಕೆಲಸ ಮಾಡಿದೆ. ಪೇಟೆಯಲ್ಲಿ ನನಗೆ ಏನೇನು ಇಷ್ಟ ಅಂತ ಬಾಯಲ್ಲಿ ಹೇಳುತ್ತಿದ್ದೆನೋ ಅದನ್ನೆಲ್ಲ ಬರೆದೆ. ನಾಟಕ, ಗ್ರಂಥಾಲಯ, ಸಂಗೀತ, ಗೆಳೆಯರು. ಆಮೇಲೆ ಹಿಂದಿನ ತಿಂಗಳುಗಳ ಕ್ಯಾಲೆಂಡರ್, ಫೋನಿನ ಮೆಸೇಜು, ಖರ್ಚಿನ ಲೆಕ್ಕ ತೆಗೆದು ಕೂತೆ. ನಾಟಕಕ್ಕೆ ಹೋದದ್ದು ಬಹಳ ಅಪರೂಪ. ಸಂಗೀತದ ಕಥೆಯೂ ಅಷ್ಟೇ. ಗ್ರಂಥಾಲಯಕ್ಕೆ ಮಾತ್ರ ನಿಜವಾಗಿ ಹೋಗುತ್ತಿದ್ದೆ. ಜೊತೆಗೆ, ಪಟ್ಟಿಯಲ್ಲೇ ಬರೆಯದ ಒಂದು ವಿಷಯ ಎದ್ದು ಕಂಡಿತು: ಸಂಜೆ ಗೊತ್ತುಗುರಿಯಿಲ್ಲದೆ ಜನರ ನಡುವೆ ನಡೆಯುವುದು. ಅದು ವಾರದಲ್ಲಿ ಬಹುತೇಕ ಎಲ್ಲ ದಿನವೂ ಇತ್ತು. ನಮಗೆ ಏನಿಷ್ಟ ಅಂತ ನಾವು ಹೇಳಿಕೊಳ್ಳುವುದಕ್ಕೂ ನಿಜವಾಗಿ ದಿನ ಕಳೆಯುವುದಕ್ಕೂ ಇಷ್ಟು ದೂರ ಇರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಹಳ್ಳಿ ಮನೆಯಲ್ಲಿ ನನಗೆ ಪಾಠ ಹೇಳಿದ್ದು ನೀರಿನ ಪಂಪು. ಬಾವಿಯ ದಂಡೆಯ ಮೇಲೆ ಕೂರಿಸಿದ್ದ ಸಾಧಾರಣ ಪಂಪು. ಮಳೆಗಾಲದಲ್ಲೂ ಚಳಿಗಾಲದಲ್ಲೂ ಸ್ವಿಚ್ ಒತ್ತಿದರೆ ಟ್ಯಾಂಕ್ ತುಂಬುತ್ತಿತ್ತು. ಬಿಸಿಲು ಏರಿದ ಮೇಲೆ ಒಂದು ಬೆಳಿಗ್ಗೆ ಮೋಟಾರಿನ ಸದ್ದು ಬದಲಾಯಿತು. ಯಾವಾಗಲೂ ಗುಂಯ್ ಅನ್ನುತ್ತಿದ್ದದ್ದು ತೆಳ್ಳಗೆ ಕಿರುಗುಡತೊಡಗಿತು. ಟ್ಯಾಂಕಿಗೆ ಒಂದು ಹನಿ ಬೀಳಲಿಲ್ಲ. ಬಗ್ಗಿ ನೋಡಿದರೆ ಬಾವಿಯಲ್ಲಿ ನೀರಿದೆ, ಆದರೆ ತುಂಬಾ ಕೆಳಗೆ.

ಪೈಪಿನ ಬುಡದಲ್ಲಿದ್ದು ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರಿ ಪೈಪಿನಲ್ಲಿ ಗಾಳಿ ಹೊಕ್ಕಿರಬಹುದು ಅಂತ ಮೇಲಿನಿಂದ ಬಿಂದಿಗೆಯಲ್ಲಿ ನೀರು ಹುಯ್ದು, ಗಾಳಿ ಬಿಟ್ಟು, ಮತ್ತೆ ಶುರು ಮಾಡಿದೆ. ಸ್ವಲ್ಪ ಹೊತ್ತು ಬಂದಂತೆ ಮಾಡಿ ನಿಂತಿತು. ಪಕ್ಕದ ಮನೆಯವರು ಬಂದು ಒಮ್ಮೆ ಇಣುಕಿ, "ಪಂಪಿಗೆ ಏನೂ ಆಗಿಲ್ಲ ಬಿಡಿ. ನೀರು ಇಳಿದಿದೆ, ಪಂಪೂ ಇಳೀಬೇಕು" ಅಂದರು. ಅವರು ಹೇಳಿದ್ದು ಅಪ್ಪಟ ಭೌತಶಾಸ್ತ್ರ. ಮೇಲೆ ಕೂತ ಪಂಪು ನೀರನ್ನು ಹಿಡಿದು ಎಳೆಯುವುದಿಲ್ಲ. ಪೈಪಿನೊಳಗೆ ಒತ್ತಡ ತಗ್ಗಿಸುತ್ತದೆ ಅಷ್ಟೆ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಭಾರ. ಆ ಭಾರ ನೀರನ್ನು ಎತ್ತಬಲ್ಲದ್ದು ಹೆಚ್ಚೆಂದರೆ 10 ಮೀಟರ್ ಚಿಲ್ಲರೆ. ಇಟಲಿಯ ವಿಜ್ಞಾನಿ ಟೊರಿಚೆಲ್ಲಿ 1640ರ ದಶಕದಲ್ಲೇ ಇದರ ಗುಟ್ಟು ಬಿಡಿಸಿದ್ದ. ಪೈಪಿನ ತಿಕ್ಕಾಟ, ಅಲ್ಲಿ ಇಲ್ಲಿ ಸೋರಿಕೆ ಎಲ್ಲ ಕಳೆದರೆ ಕೈಗೆ ಸಿಗುವುದು 7 ಮೀಟರ್ ಆಸುಪಾಸು. ನೀರು ಅದಕ್ಕಿಂತ ಕೆಳಗೆ ಇಳಿದರೆ ಎಷ್ಟು ದೊಡ್ಡ ಮೋಟಾರ್ ತಂದರೂ ಉಪಯೋಗವಿಲ್ಲ. ಒಂದೋ ಪಂಪನ್ನು ಹಗ್ಗ ಕಟ್ಟಿ ಕೆಳಗಿನ ಮೆಟ್ಟಿಲಿಗೆ ಇಳಿಸಬೇಕು, ಇಲ್ಲವೇ ನೀರಿನೊಳಗೇ ಮುಳುಗಿರುವ ಸಬ್‌ಮರ್ಸಿಬಲ್ ಹಾಕಿಸಬೇಕು. ನಾವು ಇಳಿಸಿದೆವು. ಆ ದಿನ ಆಫೀಸ್ ಕೆಲಸ ನಡೆಯಲಿಲ್ಲ.

ಪಂಪು ಒಂದೇ ಅಲ್ಲ. ಶೌಚದ ಗುಂಡಿ ಇತ್ತು. ಅದರೊಳಗೆ ಕೊಳೆಯನ್ನು ಕರಗಿಸುವುದು ಬ್ಯಾಕ್ಟೀರಿಯಾ. ಕ್ಲೀನ್ ಆಗಲಿ ಅಂತ ದಿನಾ ಬ್ಲೀಚ್ ಸುರಿದರೆ ಆ ಬ್ಯಾಕ್ಟೀರಿಯಾನೇ ಸಾಯುತ್ತದೆ, ಗುಂಡಿ ಬೇಗ ತುಂಬುತ್ತದೆ. ಗಾಳಿ ಬೀಸಿದರೆ ಕರೆಂಟ್ ಹೋಗುತ್ತಿತ್ತು. ಕರೆಂಟ್ ಹೋದರೆ ಇಂಟರ್ನೆಟ್ಟೂ ಹೋಗುತ್ತಿತ್ತು. ಹಾಗಾಗಿ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಂಡೆ, ರೌಟರಿಗೆ ಪುಟ್ಟ ಬ್ಯಾಟರಿ ಹಾಕಿದೆ. ಇದೆಲ್ಲ ಕಷ್ಟ ಅಂತ ಹೇಳುತ್ತಿಲ್ಲ. ಪೇಟೆಯಲ್ಲಿ ಯಾರೋ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಾನೇ ಮಾಡಬೇಕಿತ್ತು. ಹಳ್ಳಿಯಲ್ಲಿ ಮನೆ ಮಾಡಿದವರು ತಮ್ಮ ಮನೆಯ ಮಟ್ಟಿಗೆ ತಾವೇ ನಗರಸಭೆ.

ಇದಕ್ಕೆ ಲೆಕ್ಕವೂ ಇದೆ. ಲೂಯಿ ಬೆಟೆನ್‌ಕೋರ್ಟ್, ಜೆಫ್ರಿ ವೆಸ್ಟ್ ಅನ್ನುವ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು 2007ರಲ್ಲಿ ಹಲವು ನಗರಗಳ ಅಂಕಿಅಂಶ ಹಾಕಿ ನೋಡಿದರು. ಜನ ಎರಡು ಪಟ್ಟಾದರೆ ರಸ್ತೆ, ತಂತಿಯಂಥವು ಎರಡು ಪಟ್ಟು ಬೇಕಾಗುವುದಿಲ್ಲ. ಸುಮಾರು ಶೇಕಡಾ 80ರಷ್ಟು ಜಾಸ್ತಿಯಾದರೆ ಸಾಕು. ಅಂದರೆ ಒತ್ತಾಗಿ ಬದುಕುವವರ ನಡುವೆ ಒಬ್ಬೊಬ್ಬರ ಪಾಲಿನ ಪೈಪು ಗಿಡ್ಡ. ಹಳ್ಳಿಯಲ್ಲಿ ನನ್ನ ಪಾಲಿನ ಪೈಪು ಬಾವಿಯಿಂದ ಬಚ್ಚಲಿನವರೆಗೆ ಪೂರ್ತಿ ನನ್ನದೇ.

ಓಡಾಟ ಕಡಿಮೆಯಾಗುತ್ತದೆ ಅನ್ನುವ ಆಸೆಯೂ ಇತ್ತು. ಟ್ರಾಫಿಕ್ ಇರಲಿಲ್ಲ, ಸರಿ. ಆದರೆ ಒಂದು ವಾಷರ್ ಬೇಕಾದರೂ ದೂರ ಹೋಗಬೇಕು. ಮನುಷ್ಯ ಎಲ್ಲಿದ್ದರೂ, ನಡೆದರೂ ಗಾಡಿಯಲ್ಲಿ ಹೋದರೂ, ಸರಾಸರಿ ದಿನಕ್ಕೆ ಒಂದು ಗಂಟೆಯಷ್ಟು ಓಡಾಟದಲ್ಲಿ ಕಳೆಯುತ್ತಾನೆ ಅಂತ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ದರು. ನನ್ನ ಮಟ್ಟಿಗೆ ಅದು ನಿಜವಾಯಿತು. ಪೇಟೆಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಹೋಗುತ್ತಿದ್ದ ಸಮಯ ಹಳ್ಳಿಯಲ್ಲಿ ಗಂಟು ಕಟ್ಟಿಕೊಂಡು ಒಂದೇ ದಿನ ಹೋಗುತ್ತಿತ್ತು. ರಸ್ತೆ ಚೆಂದ ಇತ್ತು ಅನ್ನುವುದು ಬೇರೆ ಮಾತು.

ನಿದ್ದೆಯ ವಿಷಯದಲ್ಲಿ ಮಾತ್ರ ಹಳ್ಳಿಗೆ ಪೂರ್ತಿ ಅಂಕ. ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಹಾಕಿ ಎರಡೂ ಕಡೆ ಮಲಗುವ ಕೋಣೆಯಲ್ಲಿ ಅಳೆದೆ. ಆ ಆ್ಯಪ್‌ಗಳ ಅಂಕಿ ಕರಾರುವಾಕ್ಕಲ್ಲ, ಆದರೆ ಅದೇ ಫೋನಿನಲ್ಲಿ ಎರಡು ಜಾಗ ಹೋಲಿಸಲು ಸಾಕು. 10 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ 10 ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ರಾತ್ರಿ ಮನೆಯ ಹೊರಗಿನ ಸದ್ದು ಸರಾಸರಿ 40 ಡೆಸಿಬೆಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2009ರಲ್ಲಿ ಹೇಳಿತ್ತು. ನನ್ನ ಪೇಟೆ ಮನೆಯ ರಸ್ತೆ ಬದಿಯ ಕೋಣೆಯಲ್ಲಿ ಸದ್ದು ಅದನ್ನು ಎಷ್ಟೋ ಮೀರಿತ್ತು. ಹಳ್ಳಿ ನಿಶ್ಶಬ್ದ ಅಂತಲ್ಲ. ಕಪ್ಪೆ, ಜೀರುಂಡೆ, ನಾಯಿ ಎಲ್ಲಾ ಸೇರಿ ಕೆಲವು ರಾತ್ರಿ ಪೇಟೆಗಿಂತ ಜೋರು. ಆದರೆ ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಬಿಡುತ್ತದೆ. ಎಬ್ಬಿಸುವುದು ಇದ್ದಕ್ಕಿದ್ದಂತೆ ಬರುವ ಹಾರ್ನು, ಬ್ರೇಕು.

ಆಕಾಶವೂ ಹಾಗೇ. ಪ್ರಪಂಚದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜನರಿಗೆ ತಾವಿರುವಲ್ಲಿಂದ ಹಾಲುಹಾದಿ ಕಾಣುವುದೇ ಇಲ್ಲ ಅಂತ 2016ರ ಬೆಳಕಿನ ಮಾಲಿನ್ಯದ ನಕಾಶೆ ಹೇಳುತ್ತದೆ. ನಾನೂ ಆ ಪಾಲಿನವನೇ ಆಗಿದ್ದೆ. ಹಳ್ಳಿಯಲ್ಲಿ ಮೊದಲ ವಾರಗಳಲ್ಲಿ ದಿನಾ ಅಂಗಳದಲ್ಲಿ ನಿಂತು ನೋಡಿದೆ. ಆಮೇಲೆ ನೋಡುವುದು ಕಡಿಮೆಯಾಯಿತು. ಎದುರಿನ ಗುಡ್ಡದ ಕಥೆಯೂ ಅದೇ. ನೋಟ ಬೇಗ ರೂಢಿಯಾಗುತ್ತದೆ, ಪಂಪು ಆಗುವುದಿಲ್ಲ.

ಇನ್ನು ಜನ. ಇಲ್ಲೇ ನನ್ನ ತಕ್ಕಡಿ ನಿಜವಾಗಿ ವಾಲಿದ್ದು. ಒಮ್ಮೆ ಜ್ವರ ಬಂದು ಮಲಗಿದ್ದೆ. ಬೆಳಿಗ್ಗೆ ಬಾಗಿಲು ತೆಗೆದಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದುರು ಮನೆಯ ಅಜ್ಜಿ ಬಾಗಿಲು ಬಡಿದು, "ಯಾಕಪ್ಪಾ, ಇನ್ನೂ ಎದ್ದಿಲ್ಲ, ಮೈ ಹುಷಾರಿಲ್ವಾ?" ಅಂದರು. ಪೇಟೆಯಲ್ಲಿ ನನ್ನ ಬಾಗಿಲು ವಾರ ತೆಗೆಯದಿದ್ದರೂ ಯಾರಿಗೂ ತಿಳಿಯಲಿಕ್ಕಿಲ್ಲ. ಆ ಅಜ್ಜಿಯನ್ನು ಮರೆಯಲಾರೆ. ಆದರೆ ಹುಷಾರಾದ ಮೇಲೂ ನನ್ನ ಬಾಗಿಲು ಯಾವಾಗ ತೆಗೆಯುತ್ತದೆ, ಯಾರು ಬಂದರು, ಎಷ್ಟು ಹೊತ್ತಿದ್ದರು ಅನ್ನುವುದು ಬೀದಿಗೆಲ್ಲ ಗೊತ್ತಿರುತ್ತಿತ್ತು. ಎರಡೂ ಒಂದೇ ಕಣ್ಣು. ಒಂದು ಬೇಕು, ಇನ್ನೊಂದು ಬೇಡ ಅಂದರೆ ನಡೆಯುವುದಿಲ್ಲ. ಮನೆಯಲ್ಲಿ ಕೂತು ಲ್ಯಾಪ್‌ಟಾಪ್ ನೋಡುವುದು ಕೆಲಸ ಅಂತ ಅಲ್ಲಿ ಯಾರಿಗೂ ಅನ್ನಿಸುತ್ತಿರಲಿಲ್ಲ. ಮೀಟಿಂಗ್ ಮಧ್ಯೆ ಬಂದು ಸುಮ್ನೆ ಕೂರುತ್ತಿದ್ದರು. ಪ್ರೀತಿಯಿಂದಲೇ ಬರುತ್ತಿದ್ದರು, ಹಾಗಾಗಿ ಬೇಡ ಅನ್ನಲೂ ಬಾಯಿ ಬರುತ್ತಿರಲಿಲ್ಲ.

ನನಗೆ ಗುರುತಿಲ್ಲದವರ ನಡುವೆ ಇರುವುದು ಇಷ್ಟ. ಇದನ್ನು ಹೇಳಿದರೆ ಜನ ವಿಚಿತ್ರವಾಗಿ ನೋಡುತ್ತಾರೆ, ಪೇಟೆಯ ಒಂಟಿತನ ಅಂತ ಮರುಕಪಡುತ್ತಾರೆ. ನನಗದು ಒಂಟಿತನ ಅನ್ನಿಸಿಯೇ ಇಲ್ಲ. ಸಂಜೆ ನಡೆಯುವಾಗ ಯಾರೂ ನನ್ನನ್ನು ಎಲ್ಲಿಗೆ ಅಂತ ಕೇಳುವುದಿಲ್ಲ, ಆದರೂ ಸುತ್ತ ಜನ ಇರುತ್ತಾರೆ. ಹಳ್ಳಿಯಲ್ಲಿ ನಡೆಯಲು ಹೊರಟರೆ ದಾರಿಯುದ್ದಕ್ಕೂ ಉತ್ತರ ಕೊಡಬೇಕಿತ್ತು. ಕೊನೆಕೊನೆಗೆ ನಡೆಯಲು ಹೋಗುವುದೇ ಕಡಿಮೆಯಾಯಿತು. ಹೊರಡುವ ಮೊದಲು ಕ್ಯಾಲೆಂಡರ್ ನೋಡಿದಾಗ ಎದ್ದು ಕಂಡ ಆ ಒಂದು ವಿಷಯವೇ ಕೈಬಿಟ್ಟಿತು.

ಆಸ್ಪತ್ರೆಯ ದೂರವನ್ನೂ ಲೆಕ್ಕಕ್ಕೆ ಹಿಡಿದಿದ್ದೆ. ಅಪ್ಪ ಅಮ್ಮ ಜೊತೆಗಿರುವವರು ಇದನ್ನು ಹಗಲಲ್ಲ, ರಾತ್ರಿ ಅಳೆಯಬೇಕು. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆದರೆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಹಾಗಾಗಿ ಹತ್ತಿರದ ಆಸ್ಪತ್ರೆ ಎಷ್ಟು ದೂರ ಅಂತ ಕೇಳಿದರೆ ಸಾಲದು, ರಾತ್ರಿ ಸ್ಕ್ಯಾನ್ ಮಾಡುವ ಆಸ್ಪತ್ರೆ ಎಷ್ಟು ದೂರ ಅಂತ ಕೇಳಬೇಕು. ನಾನೊಮ್ಮೆ ಕತ್ತಲಾದ ಮೇಲೆ ಗಾಡಿ ಓಡಿಸಿಕೊಂಡು ಹೋಗಿ ನೋಡಿ ಬಂದೆ. ತಲುಪಬಹುದಿತ್ತು, ಆದರೆ ನೆಮ್ಮದಿಯಾಗುವಷ್ಟು ಬೇಗ ಅಲ್ಲ.

ನನ್ನ ಹಾಗೇ ಹೋದ ಗೆಳೆಯನೊಬ್ಬ ಅಲ್ಲೇ ಉಳಿದ. ಅವನ ಬಾವಿ, ಅವನ ಗುಂಡಿ, ಅವನ ಕರೆಂಟ್ ನನ್ನದಕ್ಕಿಂತ ಏನೂ ಚೆನ್ನಾಗಿರಲಿಲ್ಲ. ಆದರೆ ಪಂಪು ಕೆಟ್ಟರೆ ಅವನ ಮುಖ ಅರಳುತ್ತದೆ. ಸ್ಪ್ಯಾನರ್ ಹಿಡಿದು ಹೊರಟರೆ ಊಟದ ನೆನಪಿರುವುದಿಲ್ಲ. ಬಂದವರನ್ನೂ ಕೂರಿಸಿಕೊಂಡು ನಟ್ಟು ಬಿಗಿಸಲು ಹಚ್ಚುತ್ತಾನೆ. ಹಳ್ಳಿಗೆ ಹೋಗಲಾ ಅಂತ ಯಾರಾದರೂ ಕೇಳಿದರೆ ನಾನೀಗ ಹೇಳುವುದು ಇವನ ಕಥೆ. ಗುಡ್ಡ ನೋಡಿದರೆ ಖುಷಿಯಾಗುತ್ತಾ ಅಂತ ಕೇಳುವುದಿಲ್ಲ, ಎಲ್ಲರಿಗೂ ಆಗುತ್ತದೆ. ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬರದಿದ್ದರೆ ನಿಮಗೆ ಏನನ್ನಿಸುತ್ತದೆ ಅಂತ ಕೇಳುತ್ತೇನೆ.

ಹೀಗೆ ಪೇಟೆಗೆ ವಾಪಸ್ ಬಂದೆ. ಆದರೆ ಹಳೆಯ ಮನೆಗಲ್ಲ. ಹಳ್ಳಿಯಲ್ಲಿ ನನಗೆ ಬೇಕಾಗಿದ್ದದ್ದು ಬಹುಪಾಲು ನಿದ್ದೆ ಮತ್ತು ಕತ್ತಲು ಅಂತ ಗೊತ್ತಾಗಿತ್ತಲ್ಲ, ಅದನ್ನೇ ಹಿಡಿದು ಮನೆ ಹುಡುಕಿದೆ. ಹಗಲಲ್ಲಿ ಮನೆ ನೋಡಿ ಇಷ್ಟವಾದರೆ ರಾತ್ರಿ ಹನ್ನೊಂದಕ್ಕೆ ಮತ್ತೆ ಹೋಗಿ ಕಿಟಕಿ ಕೆಳಗೆ ನಿಲ್ಲುತ್ತಿದ್ದೆ. ಕಾವಲಿನವರು ಅನುಮಾನದಿಂದ ನೋಡಿದ್ದೂ ಉಂಟು. ದೊಡ್ಡ ರಸ್ತೆಯಿಂದ ಒಳಗೆ, ಹಿಂಬದಿಗೆ ಮಲಗುವ ಕೋಣೆ ಇರುವ ಮನೆ ಸಿಕ್ಕಿತು. ನೋಟ ಏನೂ ಇಲ್ಲ, ಎದುರಿಗೆ ಗೋಡೆ. ಅದಕ್ಕೇ ಬಾಡಿಗೆಯೂ ಕಡಿಮೆ.

ದಪ್ಪ ಪರದೆ ಹಾಕಿದರೆ ಸದ್ದು ನಿಲ್ಲುತ್ತದೆ ಅನ್ನುವವರಿದ್ದಾರೆ. ಪರದೆ ಬೆಳಕನ್ನು ತಡೆಯುತ್ತದೆ, ಸದ್ದನ್ನು ತಡೆಯುವುದು ಅಷ್ಟಕ್ಕಷ್ಟೇ. ಗಾಳಿ ನುಗ್ಗುವ ಸಂದಿಯಲ್ಲೆಲ್ಲ ಸದ್ದೂ ನುಗ್ಗುತ್ತದೆ. ಕಿಟಕಿ ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ ಅಂಟಿಸಿ, ಗೋಡೆಗೂ ಚೌಕಟ್ಟಿಗೂ ನಡುವಿನ ಬಿರುಕಿಗೆ ಸೀಲೆಂಟ್ ತುಂಬಿದೆ. ಅಗ್ಗದ ಕೆಲಸ, ಅದೇ ಫೋನಿನ ಅದೇ ಆ್ಯಪ್‌ನಲ್ಲಿ ವ್ಯತ್ಯಾಸ ಚೆನ್ನಾಗಿ ಕಂಡಿತು. ಎಲ್ಲ ಬಿಗಿಯಾಗಿ ಮುಚ್ಚಿದ ಮೇಲೆ ಕೋಣೆಗೆ ಗಾಳಿ ಬೇಕಲ್ಲ, ಅದಕ್ಕೆ ಮಲಗುವ ಮೊದಲು ಒಳಗಿನ ಬಾಗಿಲು ತೆರೆದಿಡುತ್ತೇನೆ. ಪಕ್ಕದ ಮನೆಯವರ ಪರಿಚಯ ಮಾಡಿಕೊಂಡು ಒಂದು ಬೀಗದ ಕೈ ಅವರಿಗೆ ಕೊಟ್ಟಿದ್ದೇನೆ, ಅವರದ್ದು ನನ್ನ ಹತ್ತಿರ ಇದೆ. ಎರಡು ದಿನ ಸದ್ದಿಲ್ಲದಿದ್ದರೆ ಫೋನ್ ಮಾಡಬೇಕು ಅನ್ನುವುದು ನಮ್ಮಿಬ್ಬರ ಒಪ್ಪಂದ. ಹಾಲುಹಾದಿಗೆ ಮಾತ್ರ ಇಲ್ಲಿ ಯಾವ ಉಪಾಯವೂ ಇಲ್ಲ. ಅದಕ್ಕೆ ಗೆಳೆಯನ ಮನೆ ಇದೆ. ಹೋಗುವಾಗ ವಾಷರ್, ಫುಟ್‌ವಾಲ್ವ್ ಏನಾದರೂ ಬೇಕಾ ಅಂತ ಕೇಳಿಕೊಂಡೇ ಹೊರಡುತ್ತೇನೆ.