ವಾರ್ಡ್ ದೂರಿನ ವೆಬ್ ಆ್ಯಪ್ ಮಾಡುವಾಗ

ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲಿ 2021ರ ಚುನಾವಣೆಯ ಹೊತ್ತಿಗೆ 82 ವಾರ್ಡ್‌ಗಳಿದ್ದವು. ತಮ್ಮ ವಾರ್ಡ್ ನಂಬರ್ ಎಲ್ಲರಿಗೂ ಗೊತ್ತಿರುವುದಿಲ್ಲ. ದೂರಿನ ಫಾರ್ಮಿನಲ್ಲಿ ಅದನ್ನು ಕೇಳಲೇಬೇಡಿ. ಫೋನಿನಿಂದ ಲೊಕೇಶನ್ ಪಡೆದು, ವಾರ್ಡ್ ಗಡಿಗಳ ಜಿಯೋಜೇಸನ್ (ನಕ್ಷೆಯ ಮಾಹಿತಿ ಇಡುವ ರೂಪ) ಫೈಲನ್ನು ಪೋಸ್ಟ್‌ಜಿಐಎಸ್‌ಗೆ (ನಕ್ಷೆಯ ಲೆಕ್ಕ ಮಾಡಬಲ್ಲ ಡೇಟಾಬೇಸ್) ಹಾಕಿ, ಆ ಬಿಂದು ಯಾವ ವಾರ್ಡಿನೊಳಗೆ ಬೀಳುತ್ತದೆಂದು ಸರ್ವರಿನಲ್ಲೇ ಕಂಡುಕೊಳ್ಳಿ.

ಎಡವುವುದು ಇಲ್ಲೇ. ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ವೆಬ್‌ಪುಟದಲ್ಲಿ ನಕ್ಷೆ ತೋರಿಸುವ ಲೀಫ್ಲೆಟ್ ಲೈಬ್ರರಿಯಲ್ಲಿ ಅಕ್ಷಾಂಶ ಮೊದಲು. ಹುಬ್ಬಳ್ಳಿಯ ಅಕ್ಷಾಂಶ ಸುಮಾರು 15.36, ರೇಖಾಂಶ 75.12. ಅದಲುಬದಲಾದರೆ ದುರ್ಗದಬೈಲಿನ ಕಸದ ರಾಶಿ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ತೇಲುತ್ತಿರುತ್ತದೆ! ಇನ್ನೊಂದು: ಲೋಕಲ್‌ಹೋಸ್ಟ್‌ನಲ್ಲಿ (ನಿಮ್ಮದೇ ಕಂಪ್ಯೂಟರಿನಲ್ಲಿ ಓಡಿಸುವಾಗ) ಲೊಕೇಶನ್ ಸಲೀಸಾಗಿ ಸಿಗುತ್ತದೆ, ಆದರೆ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಇಲ್ಲದ ಸರ್ವರಿಗೆ ಏರಿಸಿದೊಡನೆ ಬ್ರೌಸರ್ ಕೊಡುವುದಿಲ್ಲ.

ಫೋಟೋವನ್ನು ಬ್ರೌಸರಿನಲ್ಲೇ ಕ್ಯಾನ್ವಾಸ್ (ಚಿತ್ರ ಬಿಡಿಸುವ ಸೌಲಭ್ಯ) ಮೂಲಕ 1280 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಜೆಪೆಗ್ ಗುಣಮಟ್ಟ 0.7 ಇಡಿ. ಹೀಗೆ ಮಾಡಿದಾಗ ಫೋಟೋದೊಳಗಿನ ಲೊಕೇಶನ್ ಮಾಹಿತಿ ಅಳಿಸಿಹೋಗುತ್ತದೆ. ದೂರುದಾರರ ಮಟ್ಟಿಗೆ ಅದು ಒಳ್ಳೆಯದೇ.

‘ಗೋಕುಲ ರೋಡ್’ ಎಂದು ಹುಡುಕಿದರೆ ಇದ್ದ ದೂರೂ ಸಿಗದಿರಬಹುದು. ‘ಗೋ’ದ ಸ್ವರಚಿಹ್ನೆ ಯುನಿಕೋಡಿನಲ್ಲಿ (ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿ) ಒಂದೇ ಸಂಕೇತವಾಗಿಯೂ ಬರಬಹುದು, ಮೂರಾಗಿಯೂ ಬರಬಹುದು, ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಬಿಡಿ ಸಂಕೇತಗಳನ್ನು ಒಂದಾಗಿಸುವ ಯುನಿಕೋಡ್ ರೂಪ) ತನ್ನಿ. ಯುನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನ ಬಡಾವಣೆ ಪಟ್ಟಿ ಕೈಗೆ ಬಂದರೆ ಮೊದಲು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ಡೇಟಾಬೇಸಿಗೆ ಸೇರಿಸಿ.